ಸೆರೆವಾಸದಿಂದ ಮರಳಿದ ನಂಬಿಕೆ: ಶ್ರೀರಂಗಪಟ್ಟಣದ ಕ್ರೈಸ್ತ ಬಂದಿಗಳ ಮರುಬದುಕು

ಯುದ್ಧ ಮುಗಿದ ದಿನಕ್ಕೇ ಯುದ್ಧದ ಸಂಕಟ ಮುಗಿಯುವುದಿಲ್ಲ. ಬದುಕುಳಿದವರ ಪಾಲಿಗೆ ನಿಜವಾದ ಪರೀಕ್ಷೆ ಆರಂಭವಾಗುವುದೇ ಅನಂತರ. ಹದಿನೆಂಟನೇ ಶತಮಾನದ ಅಂತ್ಯದಲ್ಲಿ ಮೈಸೂರು ಸಂಸ್ಥಾನದ ಸೆರೆಯಲ್ಲಿದ್ದ ಕರಾವಳಿಯ ಕ್ರೈಸ್ತರ ಇತಿಹಾಸ ಇದಕ್ಕೆ ಕರ್ನಾಟಕದಲ್ಲಿಯೇ ದೊರೆಯುವ ನಿದರ್ಶನವಾಗಿದೆ.

ಹಿನ್ನೆಲೆ

1780ರಿಂದ 1784ರವರೆಗೆ ನಡೆದ ಎರಡನೇ ಆಂಗ್ಲೋ-ಮೈಸೂರು ಯುದ್ಧದಲ್ಲಿ ಮಂಗಳೂರು ಪ್ರಮುಖ ರಣಕಣವಾಗಿತ್ತು. ಕೆನರಾದ ಕ್ರೈಸ್ತರು ಆಂಗ್ಲರಿಗೆ ನೆರವಾದರೆಂಬ ಶಂಕೆಯಿಂದ ಟಿಪ್ಪು ಸುಲ್ತಾನ್ ಅವರ ಬಂಧನಕ್ಕೆ ಆದೇಶಿಸಿದನು. 1784ರ ಫೆಬ್ರವರಿ 24ರ ಬೂದಿ ಬುಧವಾರದಂದು ಬಂಧನ ಆರಂಭವಾಯಿತೆಂಬುದು ಸಮುದಾಯದ ಪರಂಪರಾಗತ ನಂಬಿಕೆ. ಆಸ್ತಿ ಕಳೆದುಕೊಂಡ ಕುಟುಂಬಗಳನ್ನು ಘಟ್ಟವನ್ನೇರಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು. ದಾರಿಯಲ್ಲಿಯೂ ಸೆರೆಯಲ್ಲಿಯೂ ಅನೇಕರು ಮೃತಪಟ್ಟರು. ಹಲವರು ಬಲವಂತದ ಮತಾಂತರಕ್ಕೆ ಒಳಗಾದರು. ಬಂದಿಗಳು 60 ಸಾವಿರವೆಂದು ಹಳೆಯ ಬರಹಗಳು ಹೇಳಿದರೂ ಈ ಸಂಖ್ಯೆಯ ಬಗ್ಗೆ ಇತಿಹಾಸಕಾರರಲ್ಲಿ ಏಕಾಭಿಪ್ರಾಯವಿಲ್ಲ. ಬಂಧನದ ಉದ್ದೇಶ ರಾಜಕೀಯವೋ ಧಾರ್ಮಿಕವೋ ಎಂಬ ಚರ್ಚೆಯೂ ಮುಂದುವರಿದಿದೆ.

ಆಶ್ರಯ, ಮರಳುವಿಕೆ

ಸೆರೆಯಿಂದ ತಪ್ಪಿಸಿಕೊಂಡ ಕೆಲವರಿಗೆ ಕೊಡಗಿನ ದೊರೆ ದೊಡ್ಡ ವೀರರಾಜೇಂದ್ರ ಆಶ್ರಯ ನೀಡಿದನು. 1792ರಲ್ಲಿ ಆತ ಸ್ಥಾಪಿಸಿದ ವಿರಾಜಪೇಟೆಯಲ್ಲಿ ಅವರಿಗೆ ನೆಲೆ ದೊರೆಯಿತು. ಅಲ್ಲಿನ ಸಂತ ಅನ್ನಮ್ಮ ಚರ್ಚ್‌ನ ಇತಿಹಾಸ ಆರಂಭವಾಗುವುದು ಈ ನಿರಾಶ್ರಿತರಿಂದಲೇ. ಅನ್ಯಧರ್ಮೀಯ ಅರಸನೊಬ್ಬನ ಔದಾರ್ಯದಿಂದ ಅವರ ಆರಾಧನೆ ಮುಂದುವರಿದುದು ಉಲ್ಲೇಖನೀಯ.

1799ರ ಮೇ 4ರಂದು ಶ್ರೀರಂಗಪಟ್ಟಣ ಪತನಗೊಂಡು ಟಿಪ್ಪು ಮಡಿದ ಬಳಿಕ ಉಳಿದವರಿಗೆ ಬಿಡುಗಡೆ ದೊರೆಯಿತು. ಹದಿನೈದು ವರ್ಷಗಳ ನಂತರ ಊರಿಗೆ ಮರಳಿದವರು ಕಂಡದ್ದು ನೆಲಸಮವಾದ ಚರ್ಚುಗಳನ್ನು. ಆದಾಗ್ಯೂ ಅವರು ಧೃತಿಗೆಡಲಿಲ್ಲ. 1680ರಲ್ಲಿ ನಿರ್ಮಾಣಗೊಂಡು 1784ರಲ್ಲಿ ನಾಶವಾದ ಮಂಗಳೂರಿನ ಮಿಲಾಗ್ರಿಸ್ ಚರ್ಚ್ 1811ರಲ್ಲಿ ಮತ್ತೆ ತಲೆಯೆತ್ತಿತು. 1568ರಷ್ಟು ಹಳೆಯದಾದ ರೊಸಾರಿಯೊ ಚರ್ಚ್ 1813ರಲ್ಲಿ ಪುನರ್ನಿರ್ಮಾಣಗೊಂಡಿತು.

ಅಬ್ಬೆ ದುಬಾಯ್ ಆಗಮನ

ಎಲ್ಲರೂ ಕರಾವಳಿಗೆ ಮರಳಲಿಲ್ಲ. ಮೈಸೂರು ಸೀಮೆಯಲ್ಲಿ ಚದುರಿಹೋಗಿದ್ದ ಕ್ರೈಸ್ತರನ್ನು ಒಗ್ಗೂಡಿಸಲು ಬಂದವರು ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್. ಅವರು ಫ್ರಾನ್ಸ್ ಕ್ರಾಂತಿಯ ಹಿಂಸೆಯಲ್ಲಿ ಮುಳುಗಿದ್ದ 1792ರಲ್ಲಿ ಸ್ವದೇಶವನ್ನು ತೊರೆದು ಭಾರತಕ್ಕೆ ಬಂದಿದ್ದರು. ದೇಶೀಯ ಉಡುಪು ಧರಿಸಿ, ಇಲ್ಲಿನ ಆಹಾರಕ್ರಮ ಅನುಸರಿಸಿ ಜನರೊಡನೆ ಬೆರೆತರು.

ಪ್ರಾರ್ಥನೆಯೊಂದರಿಂದಲೇ ಬದುಕು ಕಟ್ಟಿಕೊಳ್ಳಲಾಗದೆಂಬುದನ್ನು ದುಬಾಯ್ ಅರಿತಿದ್ದರು. ಬಡತನದಲ್ಲಿದ್ದ ಕುಟುಂಬಗಳಿಗಾಗಿ ಹಾಸನದ ಬಳಿಯ ಸಾತಳ್ಳಿಯಲ್ಲಿ ಕೃಷಿ ವಸಾಹತು ಸ್ಥಾಪಿಸಿದರು. ಸಿಡುಬಿನ ವಿರುದ್ಧ ಎಡ್ವರ್ಡ್ ಜೆನ್ನರ್ ಲಸಿಕೆಯ ವಿಧಾನ ಪ್ರಕಟಿಸಿದ್ದು 1798ರಲ್ಲಿ. ಕೆಲವೇ ವರ್ಷಗಳಲ್ಲಿ ದುಬಾಯ್ ಅದನ್ನು ಮೈಸೂರಿನ ಜನರಿಗೆ ತಲುಪಿಸಲು ಶ್ರಮಿಸಿದರು. ಹೀಗೆ ಭೂಮಿ, ಆರೋಗ್ಯ ಮತ್ತು ಆರಾಧನೆ ಮೂರೂ ಒಟ್ಟಿಗೆ ದೊರೆತಾಗ ಸಮುದಾಯ ಚೇತರಿಸಿಕೊಂಡಿತು.

ವಿಪರ್ಯಾಸವೆಂದರೆ, ಇತರರ ನಂಬಿಕೆಯನ್ನು ಮರಳಿ ಕಟ್ಟಿದ ದುಬಾಯ್ ಮಿಷನರಿ ಕಾರ್ಯದ ಭವಿಷ್ಯದ ಬಗ್ಗೆ ನಿರಾಶರಾಗಿದ್ದರು. ಹಿಂದೂಗಳ ಮತಾಂತರ ಸಾಧ್ಯವಾಗದೆಂದು ತಮ್ಮ ಪತ್ರಗಳಲ್ಲಿ ಬರೆದರು. ಈ ಪತ್ರಗಳು 1823ರಲ್ಲಿ ಪ್ರಕಟವಾಗಿ ವಿವಾದಕ್ಕೆ ಕಾರಣವಾದವು. ಅದೇ ವರ್ಷ ಭಾರತವನ್ನು ಬಿಟ್ಟ ಅವರು 1848ರಲ್ಲಿ ಪ್ಯಾರಿಸ್‌ನಲ್ಲಿ ನಿಧನರಾದರು. ಹಿಂದೂಗಳ ಆಚಾರ, ಪದ್ಧತಿಗಳನ್ನು ಕುರಿತ ಗ್ರಂಥದಿಂದ ವಿದ್ವಾಂಸರಿಗೆ ಅವರು ಇಂದಿಗೂ ಪರಿಚಿತರು. ಆ ಗ್ರಂಥದ ಕೆಲವು ಅಭಿಪ್ರಾಯಗಳು ಕಟು ಟೀಕೆಗೂ ಒಳಗಾಗಿವೆ.

ಶ್ರೀರಂಗಪಟ್ಟಣದ ಗಂಜಾಮಿನಲ್ಲಿರುವ ಚರ್ಚ್ ಅಬ್ಬೆ ದುಬಾಯ್ ಹೆಸರಿನಿಂದಲೇ ಗುರುತಿಸಲ್ಪಡುತ್ತದೆ. ಟಿಪ್ಪುವಿನ ಸಮಾಧಿಯಿರುವ ಗುಂಬಜ್ ಸಹ ಇರುವುದು ಗಂಜಾಮಿನಲ್ಲಿಯೇ. ದ್ವೀಪಕ್ಕೆ ಭೇಟಿ ನೀಡುವವರು ಒಂದೇ ಯುದ್ಧದ ಈ ಎರಡೂ ನೆನಪುಗಳನ್ನು ಅಲ್ಲಿ ಕಾಣಬಹುದಾಗಿದೆ.