ಎಲೆ ಮೊದಲು, ಬಡಿಸುವುದು ಆಮೇಲೆ

ನಾನು ಕಾಲೇಜಿನ ಲ್ಯಾಬ್ ನೋಡಿಕೊಳ್ಳುತ್ತಿದ್ದಾಗ ಕರೆಂಟು ಹೋಗುವುದಕ್ಕಿಂತ ಬರುವುದೇ ದೊಡ್ಡ ತಲೆನೋವು. ಯುಪಿಎಸ್ ಬ್ಯಾಟರಿ ಸತ್ತು ಎರಡು ವರ್ಷವಾಗಿತ್ತು. ಕರೆಂಟು ಬಂದೊಡನೆ ನಲವತ್ತು ಲಿನಕ್ಸ್ ಯಂತ್ರಗಳೂ ಮೂಲೆಯ ಸರ್ವರೂ ಒಟ್ಟಿಗೇ ಏಳುತ್ತಿದ್ದವು. ಸರ್ವರಿನಲ್ಲಿದ್ದದ್ದು ಇಎಕ್ಸ್‌ಟಿ2, ತಟ್ಟನೆ ಆರಿಹೋದದ್ದಕ್ಕೆ ಎಫ್‌ಎಸ್‌ಸಿಕೆ ಇಡೀ ಡಿಸ್ಕನ್ನು ತಡಕಬೇಕು, ಅರ್ಧ ಗಂಟೆ. ಅಷ್ಟರೊಳಗೆ ಉಳಿದ ನಲವತ್ತೂ ಎಫ್‌ಎಸ್‌ಟ್ಯಾಬ್ ಓದಿ, ಹೋಮ್ ಡೈರೆಕ್ಟರಿಗಾಗಿ ಸರ್ವರನ್ನು ಕೂಗಿ, ಉತ್ತರವಿಲ್ಲದೆ ಕಪ್ಪು ಪರದೆ ತೋರಿಸುತ್ತ ನಿಂತಿರುತ್ತಿದ್ದವು.

ಹೀಗೆ ಕಾಯುವುದು ಜಾಲದ ಮೂಲಕ ಹೋಮ್ ಡೈರೆಕ್ಟರಿಗಳನ್ನು ಒದಗಿಸುತ್ತಿದ್ದ ಎನ್‌ಎಫ್‌ಎಸ್‌ನ ಹುಟ್ಟುಗುಣ. 1984ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್‌ನವರು ಅದನ್ನು ರೂಪಿಸಿದಾಗ, ಯಾರು ಏನು ಕೇಳಿದರೆಂಬ ಲೆಕ್ಕವನ್ನು ಸರ್ವರ್ ಇಟ್ಟುಕೊಳ್ಳದಂತೆ ಮಾಡಿದರು. ಬಿದ್ದು ಎದ್ದ ಸರ್ವರಿಗೆ ಹಳೆಯದೇನೂ ನೆನಪಿರಬೇಕಿಲ್ಲ. ಬೇಕಾದವನು ಕೇಳುತ್ತಲೇ ಇದ್ದರಾಯಿತು. ಕೆಲಸದ ನಡುವೆ ಇದು ಬಲು ಸೊಗಸು: ಸರ್ವರ್ ಸತ್ತು ಹುಟ್ಟಿದರೂ ನಿಮ್ಮ ಪ್ರೋಗ್ರಾಂ ನಿಂತಲ್ಲಿಂದ ಮುಂದುವರಿಯುತ್ತದೆ. ಬೂಟಿನಲ್ಲಿ ಮಾತ್ರ ಅದೇ ಗುಣ ಕುತ್ತಿಗೆಗೆ ಬರುತ್ತಿತ್ತು. ಆಗಿನ ಇನಿಟ್ ಸ್ಕ್ರಿಪ್ಟುಗಳದು ರೇಷನ್ ಅಂಗಡಿಯ ಸಾಲು, ಮುಂದಿನವನು ಸರಿಯದೆ ಹಿಂದಿನವನಿಗೆ ಗತಿಯಿಲ್ಲ.

ಬೂಟು ನಿಲ್ಲದಿರಲೆಂದು ಎಫ್‌ಎಸ್‌ಟ್ಯಾಬ್‌ನ ಮೌಂಟ್ ಸಾಲಿಗೆ 'ಬಿಜಿ' ಎಂದು ಸೇರಿಸಿದೆ. ಮೊದಲ ಯತ್ನ ಸೋತರೆ ಮೌಂಟ್ ಹಿನ್ನೆಲೆಗೆ ಸರಿದು ಪ್ರಯತ್ನಿಸುತ್ತಿರುತ್ತದೆ. ಎಷ್ಟು ಹೊತ್ತು? ಬೇರೆ ಹೇಳದಿದ್ದರೆ 10000 ನಿಮಿಷ, ಅಂದರೆ ವಾರಕ್ಕೆ 80 ನಿಮಿಷ ಕಡಿಮೆ. (ಈ ಸಂಖ್ಯೆ ಆರಿಸಿದವನ ತಾಳ್ಮೆಗೆ ನಮಸ್ಕಾರ.) ಬೂಟೇನೋ ಮುಗಿಯಿತು. ಆದರೆ ಮರುದಿನವೇ ಒಬ್ಬಳು ಹುಡುಗಿ ಅಳುಮುಖ ಮಾಡಿಕೊಂಡು ಬಂದಳು: "ಸರ್, ನನ್ನ ಪ್ರಾಜೆಕ್ಟೆಲ್ಲಾ ಹೋಯ್ತು!" ಏನೂ ಹೋಗಿರಲಿಲ್ಲ, ಹೋಮ್ ಇನ್ನೂ ಬಂದಿರಲಿಲ್ಲ, ಅಷ್ಟೇ. ನಿಂತ ಯಂತ್ರಕ್ಕಿಂತ ಸುಳ್ಳು ಹೇಳುವ ಯಂತ್ರ ಕೆಟ್ಟದ್ದು ಅನ್ನಿಸಿ ಬಿಜಿಯನ್ನು ಅಂದೇ ತೆಗೆದೆ.

ಪರಿಹಾರ ಆಗಲೇ ಹಳೆಯದಾಗಿತ್ತೆಂಬುದು ನನಗೆ ತಡವಾಗಿ ತಿಳಿಯಿತು. 1988ರ ಸನ್‌ಓಎಸ್ 4.0ರಲ್ಲೇ ಆಟೋಮೌಂಟರ್ ಇತ್ತು. ಲಿನಕ್ಸ್‌ಗೆ ಎಚ್. ಪೀಟರ್ ಆನ್ವಿನ್ 1997ರಲ್ಲಿ ಆಟೋಎಫ್‌ಎಸ್ ಬರೆದರು. ಮದುವೆ ಮನೆಯ ಪಂಕ್ತಿಯಂತೆ ಎಲೆ ಮೊದಲೇ ಹಾಕಿರುತ್ತದೆ, ಯಾರಾದರೂ ಕೈಯಿಟ್ಟಾಗಲೇ ಬಡಿಸುವವನು ಓಡುತ್ತಾನೆ. ಕೈಯಿಟ್ಟವನೊಬ್ಬನೇ ಕಾಯಬೇಕು, ಖಾಲಿ ಎಲೆ ತೋರಿಸಿ ಊಟ ಮುಗಿಯಿತೆಂದು ಯಾರೂ ಹೇಳುವುದಿಲ್ಲ.

2010ರ ಏಪ್ರಿಲ್ 30ರಂದು ಲೆನಾರ್ಟ್ ಪೊಟ್ಟರಿಂಗ್ ಇನಿಟ್ ಸ್ಕ್ರಿಪ್ಟುಗಳ ಬದಲಿಗೆಂದು ಮಾಡಿದ ಸಿಸ್ಟಮ್‌ಡಿಯನ್ನು ಪರಿಚಯಿಸಿ ಬರೆದ ಉದ್ದನೆಯ ಲೇಖನದಲ್ಲಿ ಈ ಉಪಾಯವನ್ನೇ ಬೂಟಿಗೆ ತಂದರು. ಎಫ್‌ಎಸ್‌ಸಿಕೆ ಮುಗಿಯುವವರೆಗೆ ಹೋಮ್ ಜಾಗದಲ್ಲಿ ಆಟೋಎಫ್‌ಎಸ್ ಕೂರಲಿ ಎಂದು ಅದರಲ್ಲಿತ್ತು. ಓದುವಾಗ ನನ್ನ ಲ್ಯಾಬ್ ಕಣ್ಣಮುಂದೆ ಬಂತು. ಮರುವರ್ಷ ಫೆಡೋರಾ 15 ಸಿಸ್ಟಮ್‌ಡಿಯೊಂದಿಗೇ ಬಂತು. ಮೊದಮೊದಲು ನಾನೂ ಅದನ್ನು ಬೈದವನೇ.

ಈಗ ಮನೆಯ ಎಫ್‌ಎಸ್‌ಟ್ಯಾಬ್‌ನಲ್ಲಿ 'ಎಕ್ಸ್-ಸಿಸ್ಟಮ್‌ಡಿ.ಆಟೋಮೌಂಟ್' ಎಂದಿದೆ, ಪಕ್ಕದಲ್ಲಿ 'ನೋಫೇಲ್'. ಹಾಕಿದ ದಿನ ಫೋಟೋಗಳಿರುವ ಡ್ರೈವ್ ಪೆಟ್ಟಿಗೆಯ ಪ್ಲಗ್ ಕಿತ್ತು ಕಂಪ್ಯೂಟರ್ ಹಚ್ಚಿದೆ. ಲಾಗಿನ್ ಪರದೆ ತಡವಿಲ್ಲದೆ ಬಂತು. ಫೋಟೋ ಫೋಲ್ಡರ್ ಒತ್ತಿದಾಗ ಮಾತ್ರ ಆ ಕಿಟಕಿ ಸ್ತಬ್ಧವಾಯಿತು. ಪ್ಲಗ್ ಹಾಕಿ ಕಾಫಿಗೆಂದು ಎದ್ದೆ.