11 ಚುನಾವಣೆ, ಇಬ್ಬರೇ ಅಭ್ಯರ್ಥಿಗಳು: ದಕ್ಷಿಣ ಕನ್ನಡದಲ್ಲಿ ಕಾಂಗ್ರೆಸ್ ಎಲ್ಲಿ ಎಡವಿತು?

ಇವತ್ತು ಒಂದು ಲೆಕ್ಕದಿಂದ ಶುರು ಮಾಡುವ.

1977ರಿಂದ 2014ರವರೆಗೆ ನಮ್ಮ ಲೋಕಸಭಾ ಕ್ಷೇತ್ರಕ್ಕೆ 11 ಚುನಾವಣೆ ಆಯ್ತು. ಮೊದಲು ಇದರ ಹೆಸರು ಮಂಗಳೂರು, 2009ರಿಂದ ದಕ್ಷಿಣ ಕನ್ನಡ. ಈ 37 ವರ್ಷದಲ್ಲಿ ಕಾಂಗ್ರೆಸ್‌ನಿಂದ ನಿಂತವರು ಎಷ್ಟು ಜನ ಹೇಳಿ? ಇಬ್ಬರೇ. ಜನಾರ್ದನ ಪೂಜಾರಿ ಒಂಬತ್ತು ಸಲ, ವೀರಪ್ಪ ಮೊಯ್ಲಿ ಎರಡು ಸಲ. ಪೂಜಾರಿಯವರು ಮೊದಲ ನಾಲ್ಕನ್ನೂ ಗೆದ್ದರು, ಮತ್ತಿನ ಐದನ್ನೂ ಸೋತರು. ಮೊಯ್ಲಿಯವರು 1999, 2004 ಎರಡೂ ಸೋತರು. 1991ರ ನಂತರ ಕಾಂಗ್ರೆಸ್ ಈ ಸೀಟನ್ನು ಗೆದ್ದೇ ಇಲ್ಲ.

ಹಾಗಾದ್ರೆ ಅದಕ್ಕೂ ಮೊದಲು ಜನ ಯಾಕೆ ವೋಟು ಹಾಕ್ತಿದ್ರು? ಒಂದು, ಭೂಮಿ. ದೇವರಾಜ ಅರಸು ಸರಕಾರ 1974ರಲ್ಲಿ ತಂದ ಭೂಸುಧಾರಣೆ ತಿದ್ದುಪಡಿಯಿಂದ ಇಲ್ಲಿನ ಗೇಣಿ ಒಕ್ಕಲುಗಳು ಭೂಮಾಲೀಕರಾದರು. 'ಡಿಕ್ಲರೇಶನಲ್ಲಿ ಬಂದ ಜಾಗ' ಅಂತ ನಮ್ಮೂರಲ್ಲಿ ಈಗಲೂ ಹೇಳ್ತಾರಲ್ಲ, ಅದೇ ಇದು.

ಇನ್ನೊಂದು, ಸಾಲ. ಪೂಜಾರಿಯವರು 80ರ ದಶಕದಲ್ಲಿ ಕೇಂದ್ರದ ಹಣಕಾಸು ಖಾತೆಯಲ್ಲಿ ಮಂತ್ರಿಯಾಗಿ ಸಾಲ ಮೇಳ ನಡೆಸಿದರು. ಕೆನರಾ, ಸಿಂಡಿಕೇಟ್, ಕಾರ್ಪೊರೇಷನ್, ವಿಜಯಾ, ಈ ನಾಲ್ಕೂ ಬ್ಯಾಂಕ್ ಹುಟ್ಟಿದ್ದು ಅವಿಭಜಿತ ಜಿಲ್ಲೆಯಲ್ಲೇ. ಆದರೆ ಬೀಡಿ ಕಟ್ಟುವ ಹೆಂಗಸಿಗೆ ಮ್ಯಾನೇಜರ್ ಕ್ಯಾಬಿನ್‌ಗೆ ಹೋಗುವ ಧೈರ್ಯ ಎಲ್ಲಿತ್ತು? ನಾನು ಬಿಕಾಂ ಓದಿದವನು. ಸಾಲ ಮೇಳ ಅಂದ್ರೆ ವಸೂಲಾಗದ ಸಾಲ ಅಂತ ಬೈಯುವವರ ವಾದ ನನಗೆ ಗೊತ್ತುಂಟು, ಅದರಲ್ಲಿ ಹುರುಳೂ ಉಂಟು. ಆದರೆ ಮೊದಲ ಸಲ ಬ್ಯಾಂಕಿನ ಮೆಟ್ಟಿಲು ಹತ್ತಿದವರಿಗೆ ಅದು ಬರೀ ದುಡ್ಡಾಗಿರಲಿಲ್ಲ.

ಸಮಸ್ಯೆ ಎಂಥದು ಅಂದ್ರೆ, ಋಣಕ್ಕೂ ಒಂದು ವಯಸ್ಸುಂಟು. ಅಜ್ಜನಿಗೆ ಅದು ಕಾನೂನಿಂದ ಬಂದ ಜಾಗ, ಮೊಮ್ಮಗನಿಗೆ ಅದು ಅಜ್ಜನ ಜಾಗ, ಅಷ್ಟೇ. 1991ರಲ್ಲಿ ಅಯೋಧ್ಯೆ ಚಳವಳಿಯ ಬಿಸಿಯಲ್ಲಿ ಬಿಜೆಪಿಯ ಧನಂಜಯ ಕುಮಾರ್ ಗೆದ್ದಾಗ ಹೊಸ ವೋಟರ್ ಬೇರೆಯೇ ಭಾಷೆ ಕೇಳ್ತಿದ್ದ. ಕಾಂಗ್ರೆಸ್ ಹಳೇ ಪಾಸ್‌ಬುಕ್ಕೇ ತೋರಿಸ್ತಿತ್ತು.

ಅದೇ ಹೊತ್ತಿಗೆ ಮೇಲೆ ಏನಾಗ್ತಿತ್ತು ನೋಡಿ. 1989ರಲ್ಲಿ 178 ಶಾಸಕರನ್ನು ಗೆಲ್ಲಿಸಿದ ವೀರೇಂದ್ರ ಪಾಟೀಲರನ್ನು 1990ರಲ್ಲಿ ಇಳಿಸಿದರು. ಬದಲಾವಣೆಯ ಮಾತು ರಾಜೀವ್ ಗಾಂಧಿಯವರ ಬಾಯಲ್ಲಿ ಬಂದದ್ದು ಬೆಂಗಳೂರಿನ ಏರ್‌ಪೋರ್ಟಲ್ಲಿ. ಆಮೇಲೆ ಬಂಗಾರಪ್ಪ, 1992ರಲ್ಲಿ ನಮ್ಮ ಜಿಲ್ಲೆಯವರೇ ಆದ ಮೊಯ್ಲಿ. ಒಂದೇ ಅವಧಿಗೆ ಮೂರು ಮುಖ್ಯಮಂತ್ರಿ! 1994ರಲ್ಲಿ ಸಿಕ್ಕಿದ್ದು 34 ಸೀಟು.

ಬಿಜೆಪಿ ಗೆಲ್ಲುವಾಗಲೂ ಮುಖ ಬದಲಿಸಿತು: ಧನಂಜಯ ಕುಮಾರ್, ಸದಾನಂದ ಗೌಡ, ನಳಿನ್ ಕುಮಾರ್ ಕಟೀಲ್. 2019ರಲ್ಲಿ 2,74,621 ಮತಗಳ ಅಂತರದಿಂದ ಗೆದ್ದ ಕಟೀಲರಿಗೆ 2024ರಲ್ಲಿ ಟಿಕೆಟ್ ಇಲ್ಲ, ಬಂದದ್ದು ಬ್ರಿಜೇಶ್ ಚೌಟ. ಕಾಂಗ್ರೆಸ್ ಸೋಲುವಾಗಲೂ ಬದಲಿಸಲಿಲ್ಲ.

'ಇಲ್ಲಿ ಎಲ್ಲಾ ಧರ್ಮದ ಮೇಲೆ ಮಾರಾಯ, ನಾವೇನು ಮಾಡುದು' ಅಂತ ಕಾಂಗ್ರೆಸ್‌ನವರು ಹೇಳ್ತಾರೆ. ಇದು ಅರ್ಧ ಸತ್ಯ. 2013ರಲ್ಲಿ ಇದೇ ಜಿಲ್ಲೆ 8 ವಿಧಾನಸಭಾ ಸೀಟಲ್ಲಿ 7 ಕೊಟ್ಟಿತ್ತು. ಬಿಜೆಪಿ ಒಡೆದು ಯಡಿಯೂರಪ್ಪ ಕೆಜೆಪಿ ಕಟ್ಟಿದ್ದ ಕಾಲ ಅದು, ಒಪ್ಪುವ. ಆದರೆ ಸಿಕ್ಕಿದ ಐದು ವರ್ಷ ಏನು ಮಾಡಿದರು? ಪೂಜಾರಿಯವರು ಪ್ರೆಸ್‌ಮೀಟ್ ಕರೆದು ತಮ್ಮದೇ ಪಕ್ಷದ ಮುಖ್ಯಮಂತ್ರಿ ಸಿದ್ದರಾಮಯ್ಯನವರನ್ನು ಟೀಕಿಸಿದರು. 2018ರಲ್ಲಿ ಉಳಿದದ್ದು ಯು.ಟಿ. ಖಾದರ್ ಒಬ್ಬರೇ.

ನನಗೆ ಇದಕ್ಕಿಂತಲೂ ಮುಖ್ಯ ಅನಿಸುವುದು ಪುತ್ತೂರು. 2013ರಲ್ಲಿ ಅಲ್ಲಿ ಕಾಂಗ್ರೆಸ್‌ನಿಂದ ಗೆದ್ದ ಶಕುಂತಳಾ ಶೆಟ್ಟಿ ಮೊದಲು ಬಿಜೆಪಿ ಶಾಸಕಿ. 2023ರಲ್ಲಿ ಗೆದ್ದ ಅಶೋಕ್ ಕುಮಾರ್ ರೈ ಕೂಡ ಬಿಜೆಪಿಯಿಂದಲೇ ಬಂದವರು. ಅದೂ ಬಿಜೆಪಿ ಬಂಡಾಯಗಾರ ಅರುಣ್ ಕುಮಾರ್ ಪುತ್ತಿಲ ಪಕ್ಷೇತರರಾಗಿ ನಿಂತು, ಬಿಜೆಪಿ ಮೂರನೇ ಸ್ಥಾನಕ್ಕೆ ಬಿದ್ದಾಗ. ಗೆಲುವು ಗೆಲುವೇ. ಆದರೆ ಆಟಗಾರನನ್ನು ತಯಾರು ಮಾಡಿದ್ದು ಎದುರಿನ ಟೀಮು.

ವೋಟರನ್ನು ವಾಪಸ್ ತರುವುದು ಹೇಗೆ? ಗ್ಯಾರಂಟಿ ಅಂತ ಹೇಳ್ತಾರೆ. ಸಾಲ ಮೇಳದಲ್ಲಿ ಎದುರಿಗೆ ಒಬ್ಬ ಪೂಜಾರಿ ನಿಂತಿದ್ದರು. ಗೃಹಲಕ್ಷ್ಮಿಯ 2,000 ರೂಪಾಯಿ ಬರುವುದು ಮೊಬೈಲಿಗೆ ಮೆಸೇಜಾಗಿ. ಊರಲ್ಲಿ ಅದಕ್ಕೊಂದು ಮುಖ ಇಲ್ಲ. 2024ರಲ್ಲಿ ಹೊಸಬರಾದ ಪದ್ಮರಾಜ್ ಆರ್. ಪೂಜಾರಿ ನಿಂತು ಸೋಲಿನ ಅಂತರವನ್ನು 1,49,208ಕ್ಕೆ ಇಳಿಸಿದರು. 2014ರಲ್ಲಿ ಇದ್ದದ್ದು 1,43,709. ಅಂದ್ರೆ ಹತ್ತು ವರ್ಷ ಸುತ್ತಿ ಹೆಚ್ಚುಕಮ್ಮಿ ಅಲ್ಲಿಗೇ ಬಂದು ನಿಂತದ್ದು.

ಹೊಸ ಮುಖಗಳು ಬೆಳೆಯುವುದು ಜಿಲ್ಲಾ ಪಂಚಾಯತಿನಲ್ಲಿ, ತಾಲೂಕು ಪಂಚಾಯತಿನಲ್ಲಿ. ಅವಕ್ಕೆ 2016ರಲ್ಲಿ ಚುನಾವಣೆ ಆಗಿತ್ತು, 2021ರಲ್ಲಿ ಅವಧಿ ಮುಗಿಯಿತು. ಮುಂದೂಡಲು ಶುರು ಮಾಡಿದ್ದು ಬಿಜೆಪಿ ಸರಕಾರ. 2023ರಲ್ಲಿ ಕಾಂಗ್ರೆಸ್ ಬಂತು, ಒಂದು ವರ್ಷ ಹೋಯ್ತು, ಇನ್ನೊಂದು ಹೋಯ್ತು, ಅದೂ ಮುಂದೂಡುತ್ತಲೇ ಬಂತು.