ನಾಲಿಗೆಯ ಬಿಳುಪು: ಬೆನ್ನಿನದು, ಅಂಚಿನದು

ನಾಲಿಗೆ ಬೆಳ್ಳಗಾಗಿದೆ ಎಂದು ಗಾಬರಿಯಾಗಿ ಬರುವವರಲ್ಲಿ ಹೆಚ್ಚಿನವರು ತೋರಿಸುವುದು ನಾಲಿಗೆಯ ಬೆನ್ನನ್ನು. ಅಲ್ಲಿನ ಬಿಳುಪು ಬಹುಮಟ್ಟಿಗೆ ನಿರಪಾಯಕರ. ಕ್ಯಾನ್ಸರಿಗೆ ತಿರುಗಬಲ್ಲ ಬಿಳುಪು ನಾಲಿಗೆಯ ಪಕ್ಕದ ಅಂಚಿನಲ್ಲೋ ಅಡಿಯಲ್ಲೋ ಕೂತಿರುತ್ತದೆ. ಮೊದಮೊದಲು ಅದು ನೋಯುವುದಿಲ್ಲ, ಹಾಗಾಗಿ ಯಾರೂ ತೋರಿಸುವುದಿಲ್ಲ. ಬಿಳುಪು ಎಲ್ಲಿದೆ, ಒರೆಸಿದರೆ ಹೋಗುತ್ತದೆಯೇ ಎಂಬ ಎರಡು ಪ್ರಶ್ನೆಗಳಿಂದಲೇ ರೋಗನಿದಾನ ಆರಂಭವಾಗಬೇಕೆಂಬುದು ಈ ಲೇಖನದ ವಾದ.

ನಾಲಿಗೆಯ ಬೆನ್ನನ್ನು ಎಳೆಯಾಕಾರದ ಸಣ್ಣ ಮೊಗ್ಗುಗಳು ಮುಚ್ಚಿವೆ. ಇವುಗಳಲ್ಲಿ ರುಚಿ ತಿಳಿಯುವ ಅಂಗವಿಲ್ಲ. ತುದಿಯಲ್ಲಿ ಕೆರಾಟಿನ್ ಬೆಳೆಯುತ್ತ, ಅಗಿತಕ್ಕೆ ಮತ್ತು ಎಂಜಲಿಗೆ ಸವೆಯುತ್ತ ಇರುತ್ತದೆ. ಜ್ವರ, ಉಪವಾಸ, ನಿರ್ಜಲೀಕರಣ, ಬಾಯಿಯಿಂದ ಉಸಿರಾಟ, ಬರೀ ಗಂಜಿಯ ಪಥ್ಯ ಇವು ಆ ಸವೆತವನ್ನು ತಗ್ಗಿಸುತ್ತವೆ. ಆಗ ಸತ್ತ ಜೀವಕೋಶ, ಬ್ಯಾಕ್ಟೀರಿಯಾ, ಆಹಾರದ ಕಣಗಳು ಸೇರಿ ಬಿಳಿ ಪದರ ಕಟ್ಟುತ್ತದೆ. ಟೈಫಾಯ್ಡ್‌ನಲ್ಲಿ ನಡುಭಾಗ ಬೆಳ್ಳಗಾಗಿ ತುದಿ, ಅಂಚುಗಳು ಕೆಂಪಾಗಿರುವುದುಂಟು. ಸ್ಕಾರ್ಲೆಟ್ ಜ್ವರದ ಮೊದಲ ದಿನಗಳಲ್ಲಿ ಬಿಳಿ ಪದರದ ನಡುವೆ ಕೆಂಪು ಮೊಗ್ಗುಗಳು ಇಣುಕುತ್ತವೆ. ನಾಲ್ಕೈದು ದಿನಗಳಲ್ಲಿ ಪದರ ಕಳಚಿ ನಾಲಿಗೆ ಪೂರ್ತಿ ಕೆಂಪಾಗುತ್ತದೆ.

ನಮ್ಮ ಪರಂಪರೆ ನೋಡಿದ್ದೂ ಮುಖ್ಯವಾಗಿ ಈ ಬೆನ್ನನ್ನೇ. ಯೋಗರತ್ನಾಕರ ಹೇಳುವ ಅಷ್ಟಸ್ಥಾನ ಪರೀಕ್ಷೆಯಲ್ಲಿ ಜಿಹ್ವೆಗೂ ಸ್ಥಾನವಿದೆ. ಬಿಳಿ ಲೇಪವನ್ನು ಅಲ್ಲಿ ಕಫಕ್ಕೆ ಜೋಡಿಸಲಾಗಿದೆ. ಚರಕಸಂಹಿತೆಯ ಸೂತ್ರಸ್ಥಾನ ಚಿನ್ನ, ಬೆಳ್ಳಿ, ತಾಮ್ರ ಮುಂತಾದ ಲೋಹಗಳ, ಮೊನಚಿಲ್ಲದ ಬಾಗಿದ ನಾಲಿಗೆ ಹೆರೆಯುವ ಸಾಧನವನ್ನು ವಿಧಿಸುತ್ತದೆ. ಬೆಳಗಾದರೆ ನಾಲಿಗೆ ಹೆರೆಯುವ ಈ ಅಭ್ಯಾಸ ಅಮೂಲ್ಯವಾದದ್ದು. ಆದರೆ ಆ ಸಾಧನ ಪಕ್ಕದ ಅಂಚನ್ನು ಮುಟ್ಟುವುದಿಲ್ಲ, ಕನ್ನಡಿಯಲ್ಲಿ ನಾಲಿಗೆ ಚಾಚಿದಾಗಲೂ ಅಂಚು ಕಾಣುವುದಿಲ್ಲ.

ಒರೆಸಿದರೆ ಹೋಗುವ ಬಿಳುಪುಗಳಲ್ಲಿ ಗಮನಿಸಬೇಕಾದದ್ದು ಕ್ಯಾಂಡಿಡಾ ಶಿಲೀಂಧ್ರದ ಸೋಂಕು. ಒಡೆದ ಹಾಲಿನ ಗರಣೆಯಂತಿರುವ ಪದರವನ್ನು ಒರೆಸಿದರೆ ಕೆಂಪಾದ, ಕೆಲವೊಮ್ಮೆ ರಕ್ತ ಜಿನುಗುವ ಮೇಲ್ಮೈ ಉಳಿಯುತ್ತದೆ. ಎಳೆಗೂಸುಗಳಲ್ಲಿ ಇದು ಸಾಮಾನ್ಯ. ವಯಸ್ಕರಲ್ಲಿ ಕಂಡರೆ ಮಾತ್ರ ಕಾರಣ ಹುಡುಕಲೇಬೇಕು: ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ, ಆಸ್ತಮಾಕ್ಕೆ ಸ್ಟೀರಾಯ್ಡ್ ಸೇದಿ ಬಾಯಿ ಮುಕ್ಕಳಿಸದಿರುವುದು, ದೀರ್ಘಕಾಲದ ಆಂಟಿಬಯಾಟಿಕ್, ರಾತ್ರಿಯೂ ತೆಗೆಯದ ಕಟ್ಟಿದ ಹಲ್ಲು, ಎಚ್‌ಐವಿ.

ಒರೆಸಿದರೂ ಹೋಗದ ಬಿಳಿ ಮಚ್ಚೆಗೆ ಲ್ಯೂಕೋಪ್ಲೇಕಿಯಾ ಎಂಬ ಹೆಸರನ್ನು 1877ರಲ್ಲಿ ಬುಡಾಪೆಸ್ಟಿನ ಎರ್ನೊ ಶ್ವಿಮ್ಮರ್ ಕೊಟ್ಟರು. ಬೇರೆಲ್ಲ ಕಾರಣಗಳನ್ನು ತಳ್ಳಿಹಾಕಿದ ಮೇಲೆ ಉಳಿಯುವ ನಿದಾನ ಇದು. ಬಲೆಯಂಥ ಬಿಳಿ ಗೆರೆಗಳಿದ್ದರೆ ಲೈಕನ್ ಪ್ಲಾನಸ್ ಇರಬಹುದು. ಅಂಚಿನಲ್ಲಿ ನಿಲುವುಗೆರೆಗಳಾಗಿ ಕಾಣುವ ರೋಮಿಲ ಲ್ಯೂಕೋಪ್ಲೇಕಿಯಾವನ್ನು 1984ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ವರ್ಣಿಸಲಾಯಿತು. ಎಪ್‌ಸ್ಟೈನ್-ಬಾರ್ ವೈರಸ್‌ನಿಂದ ಬರುವ ಅದು ಕ್ಯಾನ್ಸರಾಗುವುದಿಲ್ಲ, ಆದರೆ ರೋಗನಿರೋಧಕ ಶಕ್ತಿ ಕುಸಿದಿರುವುದನ್ನು ಹೇಳುತ್ತದೆ.

ಅಡಿಕೆ ಬೆಳೆಯುವುದರಲ್ಲಿ ದೇಶಕ್ಕೇ ಮೊದಲಾದ ಕರ್ನಾಟಕದಲ್ಲಿ ಈ ಚರ್ಚೆ ಇಲ್ಲಿಗೆ ನಿಲ್ಲದು. ತಂಬಾಕಿಲ್ಲದ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ವರದಿಯಲ್ಲಿ ಹೇಳಿತು. ಬೆಳೆಗಾರರ ಬದುಕನ್ನು ಬಲ್ಲವರಿಗೆ ಇದು ಕಹಿಯೇ, ಆದರೂ ಮರೆಮಾಚುವಂತಿಲ್ಲ. ಅಡಿಕೆಯಿಂದ ಬರುವ ಸಬ್‌ಮ್ಯೂಕಸ್ ಫೈಬ್ರೋಸಿಸ್‌ನಲ್ಲಿ ನಾಲಿಗೆ ಮೊಗ್ಗು ಕಳೆದುಕೊಂಡು ಬಿಳಿಚುತ್ತದೆ, ಖಾರ ತಾಳದು, ಬಾಯಿ ತೆರೆಯುವುದು ವರ್ಷವರ್ಷಕ್ಕೂ ಕಿರಿದಾಗುತ್ತದೆ. 1952ರಲ್ಲಿ ಶ್ವಾರ್ಟ್ಸ್ ಇದನ್ನು ಮೊದಲು ವರ್ಣಿಸಿದ್ದು ಪೂರ್ವ ಆಫ್ರಿಕದಲ್ಲಿ ನೆಲೆಸಿದ್ದ ಐವರು ಭಾರತೀಯ ಮಹಿಳೆಯರಲ್ಲಿ. ಎಲೆಯಡಿಕೆಯನ್ನು ದವಡೆಯಲ್ಲಿ ಇಟ್ಟುಕೊಳ್ಳುವ ನಮ್ಮಲ್ಲಿ ಲ್ಯೂಕೋಪ್ಲೇಕಿಯಾ ಮಚ್ಚೆಗಳು ಕೆನ್ನೆಯ ಒಳಗೇ ಹೆಚ್ಚು. ನಾಲಿಗೆಯ ಅಂಚಿನಲ್ಲಿ ಅವು ಕಡಿಮೆ, ಆದರೆ ಕ್ಯಾನ್ಸರಾಗುವ ಸಂಭವ ಅಲ್ಲಿ ಜಾಸ್ತಿ. ಬಿಳುಪಿನ ನಡುವೆ ಕೆಂಪು ಬೆರೆತಿದ್ದರೆ ಇನ್ನೂ ಜಾಸ್ತಿ.

ಇಂಥ ಮಚ್ಚೆಗಳನ್ನು ಕಣ್ಣಿನಿಂದಲೇ ಹಿಡಿಯಬಹುದು. ತಿರುವನಂತಪುರದಲ್ಲಿ 1996ರಲ್ಲಿ ಆರಂಭವಾದ ಪ್ರಯೋಗದಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಬಾಯಿ ಪರೀಕ್ಷಿಸಿದರು. 2005ರಲ್ಲಿ ಪ್ರಕಟವಾದ ಫಲಿತಾಂಶದಂತೆ ತಂಬಾಕು ಅಥವಾ ಮದ್ಯ ಬಳಸುವವರಲ್ಲಿ ಬಾಯಿಯ ಕ್ಯಾನ್ಸರಿನ ಸಾವು ಶೇ. 34ರಷ್ಟು ತಗ್ಗಿತ್ತು. ಬೇಕಾದದ್ದು ಬೆಳಕು, ಒಂದು ತುಂಡು ಗಾಜ್ ಬಟ್ಟೆ. ಅದರಿಂದ ನಾಲಿಗೆಯ ತುದಿ ಹಿಡಿದು ಎಡಕ್ಕೂ ಬಲಕ್ಕೂ ಎಳೆದು ಬುಡದವರೆಗೆ ನೋಡಬೇಕು, ಆಮೇಲೆ ಮೇಲೆತ್ತಿ ಅಡಿಯನ್ನು ನೋಡಬೇಕು. ಮಚ್ಚೆಗೆ ತಾಗುವ ಚೂಪಾದ ಹಲ್ಲಿದ್ದರೆ ಅದನ್ನು ಸರಿಪಡಿಸಿ ಎರಡು ವಾರ ಕಳೆದರೂ ಮಚ್ಚೆ ಮಾಸದಿದ್ದರೆ ಬಯಾಪ್ಸಿ ಆಗಲೇಬೇಕು. ರೋಗಿ ತಂಬಾಕು ಮುಟ್ಟದವರೆಂದು ಅದನ್ನು ಮುಂದೂಡುವುದು ಸಲ್ಲದು: ತಂಬಾಕಿನ ಚಟವಿಲ್ಲದವರಲ್ಲಿ ಕಾಣುವ ಲ್ಯೂಕೋಪ್ಲೇಕಿಯಾ ಕ್ಯಾನ್ಸರಾಗುವ ಸಂಭವ ಚಟವಿದ್ದವರಲ್ಲಿರುವುದಕ್ಕಿಂತ ಹೆಚ್ಚು.